ಅಡಿಕೆ ಸಿಪ್ಪೆಯ ಎಣ್ಣೆ ಡಾಂಬರಿಗೆ ಆಗುತ್ತಾ?

ಪ್ರಶ್ನೆ: ನಮ್ಮ ಕಡೆ ಅಡಿಕೆ ಸುಲಿದ ಮೇಲೆ ಸಿಪ್ಪೆ ರಸ್ತೆ ಬದಿಯಲ್ಲಿ ರಾಶಿ ಬೀಳುತ್ತದೆ. ಕೊನೆಗೆ ಬೆಂಕಿ, ವಾರಗಟ್ಟಲೆ ಹೊಗೆ. ಕೃಷಿ ತ್ಯಾಜ್ಯದಿಂದ ಹೆದ್ದಾರಿಗೆ ಡಾಂಬರು ಮಾಡಿದ್ದಾರೆ ಎಂದು ಪೇಪರಿನಲ್ಲಿ ಓದಿದೆ. ಹಳೇ ಡ್ರಮ್ಮಿನಲ್ಲಿ ಸಿಪ್ಪೆ ಕಾಯಿಸಿ ಎಣ್ಣೆ ಇಳಿಸಿ, ನಮ್ಮೂರ ರಸ್ತೆಯ ಡಾಂಬರಿಗೆ ಬೆರೆಸಬಹುದಾ?
– ಅಡಿಕೆ ಬೆಳೆಗಾರರೊಬ್ಬರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಡ್ರಮ್ಮಿನ ಕೆಲಸಕ್ಕೆ ಮಾತ್ರ ಕೈ ಹಾಕಬೇಡಿ ಸರ್. ಗಾಳಿ ಆಡದಂತೆ ಮುಚ್ಚಿ ಸಿಪ್ಪೆ ಕಾಯಿಸಿದರೆ ಒಳಗೆ ಕಾರ್ಬನ್ ಮಾನಾಕ್ಸೈಡ್, ಮೀಥೇನ್ ಏಳುತ್ತವೆ. ಆವಿ ಹೋಗುವ ಕೊಳವೆ ಅಂಟು ಕಟ್ಟಿ ಮುಚ್ಚಿಕೊಂಡರೆ ಡ್ರಮ್ಮು ಸಿಡಿಯುತ್ತದೆ.

ನಿಮ್ಮ ಯೋಚನೆಯಲ್ಲಿ ತಪ್ಪಿಲ್ಲ. ಒಲೆಗೆ ಹಸಿ ಸೌದೆ ಇಟ್ಟಾಗ ತುದಿಯಲ್ಲಿ ನೊರೆ ಬಂದು ಚುಂಯ್ ಅನ್ನುತ್ತದಲ್ಲ, ಅಡಿಕೆ ಬೇಯಿಸುವ ಒಲೆಯ ಮೇಲಿನ ಹೆಂಚಿನಿಂದ ಕಂದು ಹನಿ ತೊಟ್ಟಿಕ್ಕುತ್ತದಲ್ಲ, ಈ ಎಣ್ಣೆ ಅದರ ನೆಂಟನೇ. ಗಾಳಿಯಿಲ್ಲದೆ ಸುಮಾರು 500 ಡಿಗ್ರಿಗೆ ಕಾಯಿಸಿ, ಎದ್ದ ಆವಿಯನ್ನು ತಣಿಸಿದರೆ ಸಿಗುವ ಕಪ್ಪು ದ್ರವ ಅದು. ಚಕ್ಕನೆ ಕಾಯಿಸಿ ಚಕ್ಕನೆ ತಣಿಸಿದರೆ ಎಣ್ಣೆ ಜಾಸ್ತಿ. ನಿಧಾನಕ್ಕೆ ಕಾಯಿಸಿದರೆ ಇದ್ದಿಲು ಜಾಸ್ತಿ.

ಹೆಸರು ಎಣ್ಣೆ, ಆದರೆ ಅದರಲ್ಲಿ ಶೇ 15ರಿಂದ 30ರಷ್ಟು ನೀರೇ ಇರುತ್ತದೆ. ಹುಳಿಯಂತೂ ಹೆಚ್ಚುಕಡಿಮೆ ನಿಂಬೆರಸದಷ್ಟು, ಕಬ್ಬಿಣವನ್ನೂ ತಿನ್ನುತ್ತದೆ. ತೊಂದರೆ ಶುರುವಾಗುವುದೇ ಈ ನೀರಿನಿಂದ. ನಾನು ರಸ್ತೆ ಸಾಮಗ್ರಿ ಪರೀಕ್ಷಿಸುವ ಲ್ಯಾಬಿನಲ್ಲಿದ್ದಾಗ ಒಬ್ಬ ವಿದ್ಯಾರ್ಥಿನಿ ತೆಂಗಿನ ಚಿಪ್ಪಿನ ಎಣ್ಣೆ ತಂದಿದ್ದಳು. 150 ಡಿಗ್ರಿ ಬಿಸಿಯಿದ್ದ ಡಾಂಬರಿಗೆ ಒಂದು ಚಮಚ ಸುರಿದಳು, ಅಷ್ಟೇ. ಹಾಲು ಉಕ್ಕಿದ ಹಾಗೆ ಡಬ್ಬ ಉಕ್ಕಿ ಹೀಟರ್ ಮೇಲೆಲ್ಲ ಹರಿಯಿತು. ಹುಡುಗಿಯ ಕೈ ಉಳಿದದ್ದು ದೊಡ್ಡ ಪುಣ್ಯ. ಅದೇ ಡಾಂಬರು ಕಾಯಿಸುವ ದೊಡ್ಡ ಬಾಯ್ಲರ್ ಆಗಿದ್ದರೆ?

ಮರುದಿನ ಎಣ್ಣೆಯನ್ನೇ ಬೇರೆಯಾಗಿ, 110 ಡಿಗ್ರಿಯ ಆಸುಪಾಸಿನಲ್ಲಿ, ನೊರೆ ನಿಲ್ಲುವ ತನಕ ಕಲಕುತ್ತಾ ನೀರು ಇಂಗಿಸಿದೆವು. ಆಲೆಮನೆಯಲ್ಲಿ ಪಾಕ ಕಾಯುವ ಹಾಗೆ ಕಾದು ನಿಂತಿದ್ದೆವು. ಆಮೇಲೆ 100 ಗ್ರಾಂ ಡಾಂಬರಿಗೆ 5 ಗ್ರಾಂ ಬೆರೆಸಿದರೆ ಉಕ್ಕಲಿಲ್ಲ, ಒಂದಾಗಿ ಬೆರೆಯಿತು.

ಡಾಂಬರು ಎಷ್ಟು ಮೆತ್ತಗಿದೆ ಎಂದು ಸೂಜಿಯಲ್ಲಿ ಅಳೆಯುತ್ತೇವೆ. 25 ಡಿಗ್ರಿಯಲ್ಲಿ, 100 ಗ್ರಾಂ ಭಾರದ ಸೂಜಿ 5 ಸೆಕೆಂಡಿನಲ್ಲಿ ಎಷ್ಟು ಇಳಿಯುತ್ತದೆ ಅನ್ನುವುದು ಲೆಕ್ಕ. ನಮ್ಮ ರಸ್ತೆಗಳಿಗೆ ಹೆಚ್ಚಾಗಿ ಬಳಸುವ ವಿಜಿ-30 ಡಾಂಬರಿನಲ್ಲಿ ಕನಿಷ್ಠ 4.5 ಮಿಲಿಮೀಟರ್ ಇಳಿಯಬೇಕು. ಎಣ್ಣೆ ಬೆರೆಸಿದ್ದರಲ್ಲಿ ಅದಕ್ಕಿಂತ ಚೆನ್ನಾಗಿಯೇ ಇಳಿಯಿತು. ಹುಡುಗಿಗೆ ಖುಷಿಯೋ ಖುಷಿ. ಆದರೆ ಬಿಸಿಗೆ ಎಷ್ಟು ಬೇಗ ಹಳತಾಗುತ್ತದೆ ಎಂದು ನೋಡಲು, ತೆಳುವಾಗಿ ಹರಡಿ 163 ಡಿಗ್ರಿ ಓವನ್ನಿನಲ್ಲಿ 5 ಗಂಟೆ ಇಟ್ಟು ತೆಗೆದರೆ, ಸಾದಾ ಡಾಂಬರಿಗಿಂತ ಇದೇ ಬೇಗ ಗಟ್ಟಿಯಾಗಿತ್ತು. ಹಗುರ ಅಂಶ ಹಾರಿಹೋಗಿ, ಉಳಿದದ್ದು ಗಾಳಿಯ ಆಮ್ಲಜನಕ ಹಿಡಿದುಕೊಂಡು ಬಿರುಸಾಗುತ್ತದೆ. ಹೀಗೆ ಬಿರುಸಾದ ರಸ್ತೆ ಬೇಗ ಬಿರುಕು ಬಿಡುತ್ತದೆ. ಮಲೆನಾಡಿನ ಮಳೆಗೆ ಬಿರುಕು ಸಿಕ್ಕರೆ ಆಮೇಲೆ ಕೇಳಬೇಕಾ?

ಹಾಗಾಗಿ ಹೊಸ ಡಾಂಬರಿನ ಬದಲಿಗೆ ಇದನ್ನು ಸುರಿಯುವುದಕ್ಕೆ ನಾನು ಒಪ್ಪುವುದಿಲ್ಲ. ನನಗೆ ನಂಬಿಕೆ ಇರುವ ಜಾಗ ಬೇರೆ. ಹಳೇ ರಸ್ತೆ ಕೆರೆದಾಗ ಸಿಗುವ ಜಲ್ಲಿಗೆ ಅಂಟಿಕೊಂಡ ಡಾಂಬರು ವರ್ಷಗಟ್ಟಲೆ ಬಿಸಿಲಿಗೆ ಒಣಗಿ ಕಲ್ಲಾಗಿರುತ್ತದೆ. ಅದನ್ನು ಮತ್ತೆ ಮೆದು ಮಾಡಲು, ನೀರೂ ಹಗುರ ಅಂಶವೂ ತೆಗೆದ ಎಣ್ಣೆಯನ್ನು ಅಳೆದು ಹಾಕಬಹುದು. ಹಳೇ ಜಲ್ಲಿ, ಹಳೇ ಡಾಂಬರು ಎರಡೂ ಉಳಿಯುತ್ತವೆ.

ನೀವು ಓದಿದ್ದು ಬಹುಶಃ 2024ರ ಡಿಸೆಂಬರಿನಲ್ಲಿ ಶುರುವಾದ ನಾಗಪುರ–ಮನ್ಸರ್ ನಡುವಿನ ರಾಷ್ಟ್ರೀಯ ಹೆದ್ದಾರಿ 44ರ ತುಂಡಿನ ಸುದ್ದಿ. ಅಲ್ಲಿ ಬೆರೆಸಿದ್ದು ಈ ಎಣ್ಣೆಯಲ್ಲ, ಲಿಗ್ನಿನ್. ಗಿಡದ ನಾರನ್ನು ಬಿಗಿಯಾಗಿ ಹಿಡಿದಿಡುವ ಅಂಟು ಅದು.

ಸದ್ಯಕ್ಕೆ ಸಿಪ್ಪೆ ಮಳೆಗೆ ನೆನೆಯದಂತೆ ನೋಡಿಕೊಳ್ಳಿ. ಹಸಿ ಸಿಪ್ಪೆಯಿಂದ ಬರುವುದು ಬರೀ ಹುಳಿನೀರು. ಇದು ಒಬ್ಬರ ತೋಟದ ಕೆಲಸವೂ ಅಲ್ಲ. ಸೊಸೈಟಿಯವರು ಊರೂರಿನ ಒಣ ಸಿಪ್ಪೆ ಒಂದೆಡೆ ಸೇರಿಸಿದರೆ ಎಣ್ಣೆ ತೆಗೆಯುವ ಘಟಕ ಹಾಕುವವರ ಹತ್ತಿರ ಮಾತಾಡಬಹುದು.

ಪ್ರಶ್ನೆ: ಗೇರುಬೀಜದ ಸಿಪ್ಪೆಯ ಎಣ್ಣೆಯೂ ಹೀಗೇನಾ?
– ಓದುಗರೊಬ್ಬರು, ಕಾರ್ಕಳ

ಉತ್ತರ: ಅಲ್ಲ. ಗೇರೆಣ್ಣೆ ಸಿಪ್ಪೆಯೊಳಗೇ ತಯಾರಾಗಿ ಇರುತ್ತದೆ, ಹಿಂಡಿದರೂ ಬರುತ್ತದೆ. ಅದನ್ನು ಕಾಯಿಸಿ ತೆಗೆಯುವ ಕಾರ್ಡನಾಲ್‌ನಿಂದ, ಮಳೆನೀರಿಗೆ ಡಾಂಬರು ಜಲ್ಲಿ ಬಿಟ್ಟು ಏಳದಂತೆ ತಡೆಯುವ ರಾಸಾಯನಿಕ ಮಾಡುತ್ತಾರೆ. ಕರಾವಳಿಯ ರಸ್ತೆಗೆ ಬೇಕಾದದ್ದು ಇದೇ ಅಲ್ವಾ? ಆದರೆ ಹಸಿ ಗೇರೆಣ್ಣೆ ಚರ್ಮ ಸುಡುತ್ತದೆ. ಬೀಜ ಒಡೆಯುವ ಹೆಂಗಸರ ಬೆರಳು ನೋಡಿದ್ದೀರಲ್ಲ, ಕೈಗವಸು ಇಲ್ಲದೆ ಮುಟ್ಟಬೇಡಿ.