ಉಡುಪಿಯ ಕಾಲೇಜಿನಿಂದ ಜಿಎಂಆರ್‌ಟಿಗೆ ಅರ್ಜಿ

ನಮಸ್ಕಾರ ಸರ್. ಉಡುಪಿಯ ಪದವಿ ಕಾಲೇಜಿನಲ್ಲಿ ಪಾಠ ಮಾಡುತ್ತಲೇ ಪುಣೆ ಬಳಿಯ ದೈತ್ಯ ರೇಡಿಯೋ ದೂರದರ್ಶಕ ಜಿಎಂಆರ್‌ಟಿಯಲ್ಲಿ ವೀಕ್ಷಣಾ ಸಮಯ ಕೇಳಬಹುದೇ ಎಂದಿದ್ದೀರಿ. ಧಾರಾಳವಾಗಿ ಕೇಳಿ. ವರ್ಷಕ್ಕೆ ಎರಡು ಸರದಿ: ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನದಕ್ಕೆ ಜನವರಿಯಲ್ಲಿ, ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನದಕ್ಕೆ ಜುಲೈಯಲ್ಲಿ ಅರ್ಜಿ.

ಹೊಸಬರು ಎಡವುವುದು ಸಮಯದ ಲೆಕ್ಕದಲ್ಲಿ. ‘10 ಗಂಟೆ ಬೇಕು’ ಎಂದರೆ ಸಾಲದು. ಯಾವ ಬ್ಯಾಂಡ್ (ರೇಡಿಯೋ ಕಂಪನಾಂಕಗಳ ವ್ಯಾಪ್ತಿ), ನಾಯ್ಸ್ (ಸಂಕೇತದಲ್ಲಿ ಬೆರೆಯುವ ಗದ್ದಲ) ಎಷ್ಟು ಮೈಕ್ರೋಜಾನ್ಸ್ಕಿಗೆ (ರೇಡಿಯೋ ಸಂಕೇತದ ಪ್ರಬಲತೆಯ ಅಳತೆ) ಇಳಿಯಬೇಕು, ಅದಕ್ಕೆ ಇಷ್ಟೇ ಗಂಟೆ ಯಾಕೆ, ಅದರಲ್ಲಿ ಕ್ಯಾಲಿಬ್ರೇಟರ್‌ಗೆ (ಅಳತೆ ಸರಿಹೊಂದಿಸಲು ನೋಡುವ ಪರಿಚಿತ ಆಕಾಶಕಾಯ) ಹೋಗುವುದೆಷ್ಟು, ಎಲ್ಲವನ್ನೂ ಬಿಡಿಸಿ ಬರೆಯಿರಿ. ಅದಕ್ಕೂ ಮೊದಲು ಆರ್ಕೈವ್ (ಹಳೆಯ ವೀಕ್ಷಣೆಗಳ ಸಂಗ್ರಹ) ಹುಡುಕಿ. ನಿಮ್ಮ ಆಕಾಶಕಾಯವನ್ನು ಯಾರೋ ಆಗಲೇ ನೋಡಿರಬಹುದು. 18 ತಿಂಗಳು ದಾಟಿದ ದತ್ತಾಂಶ ಸಾಮಾನ್ಯವಾಗಿ ಎಲ್ಲರಿಗೂ ಮುಕ್ತ.

ಜೊತೆಗೆ ಪುಣೆಯ ಖಗೋಳವಿಜ್ಞಾನ ಕೇಂದ್ರ ಐಯುಕಾದ ವಿಸಿಟಿಂಗ್ ಅಸೋಸಿಯೇಟ್ (ಆಗಾಗ ಅಲ್ಲಿಗೆ ಹೋಗಿ ಸಂಶೋಧನೆ ಮಾಡುವ ಸಹವರ್ತಿ) ಅರ್ಜಿ ಕರೆಯುವ ಪ್ರಕಟಣೆಯನ್ನೂ ಗಮನಿಸಿ. ಅದು ವಿಶ್ವವಿದ್ಯಾಲಯ, ಕಾಲೇಜುಗಳ ಅಧ್ಯಾಪಕರಿಗೆಂದೇ ಇರುವುದು. ನಿಮ್ಮಂಥವರು ಖಂಡಿತ ಅರ್ಜಿ ಹಾಕಬೇಕು.