ಬಿಲ್ಡ್.ಪ್ರಾಪ್ ತಿದ್ದಿದ ಮೇಲೆ ರೂಟ್ ಆದ ಫೋನ್ ಆನ್ ಆಗ್ತಿಲ್ಲ. ಫೋಟೋ ಹೋಗದ ಹಾಗೆ ಸರಿ ಮಾಡೋದು ಹೇಗೆ?

ಫ್ಯಾಕ್ಟರಿ ರೀಸೆಟ್ ಮಾಡಬೇಡಿ. ಉಳಿದದ್ದನ್ನು ನಿಧಾನವಾಗಿ ಓದಿದರೂ ನಡೆಯುತ್ತೆ, ಇದೊಂದು ಮಾತ್ರ ಈಗಲೇ ತಲೆಯಲ್ಲಿರಲಿ.

ನಿಮ್ಮ ಪ್ರಶ್ನೆಯಿಂದ ನನಗೆ ಅರ್ಥವಾದದ್ದು ಇಷ್ಟು. ಫೋನ್ ರೆಡ್ಮಿ ನೋಟ್ 4, ಅದರಲ್ಲಿ ಲಿನಿಯೇಜ್ ಓಎಸ್ 14.1 (ಕಂಪನಿಯದರ ಬದಲು ಹಾಕಿಕೊಳ್ಳುವ ಆಂಡ್ರಾಯ್ಡ್), ರೂಟ್‌ಗೆ (ಸಿಸ್ಟಂ ಫೈಲ್‌ಗಳನ್ನೂ ತಿದ್ದುವ ಪೂರ್ತಿ ಹಕ್ಕಿಗೆ) ಮ್ಯಾಜಿಸ್ಕ್, ರಿಕವರಿ (ಆಂಡ್ರಾಯ್ಡ್ ಶುರುವಾಗದಿದ್ದರೂ ತೆರೆಯುವ ರಿಪೇರಿ ಮೆನು) ಟಿಡಬ್ಲ್ಯೂಆರ್‌ಪಿ. ಅಕ್ಷರಗಳು ಸ್ವಲ್ಪ ಚಿಕ್ಕದಾಗಲಿ ಅಂತ ಫೋನಿನ ಮೂಲ ಸೆಟ್ಟಿಂಗ್‌ಗಳಿರುವ ಬಿಲ್ಡ್.ಪ್ರಾಪ್ ಫೈಲ್‌ನಲ್ಲಿ ಡೆನ್ಸಿಟಿ (ಸ್ಕ್ರೀನ್ ಮೇಲಿನ ಅಕ್ಷರ, ಚಿತ್ರಗಳ ಅಳತೆ) ಸಾಲನ್ನು 480ರಿಂದ 400ಕ್ಕೆ ಇಳಿಸಿದಿರಿ. ಸೇವ್ ಆಗಲಿಲ್ಲ. ಯಾವುದೋ ವಿಡಿಯೋದಲ್ಲಿ ಹೇಳಿದ ಹಾಗೆ ಪರ್ಮಿಷನ್ ಬಾಕ್ಸ್‌ಗಳಲ್ಲಿ ಓದುವ, ಬರೆಯುವ ಟಿಕ್‌ಗಳನ್ನೆಲ್ಲ ಎಲ್ಲರಿಗೂ ಹಾಕಿ ಸೇವ್ ಮಾಡಿದಿರಿ. ರೀಸ್ಟಾರ್ಟ್ ಮಾಡಿದ ಮೇಲೆ ಬೂಟ್ ಆ್ಯನಿಮೇಷನ್ ಸುತ್ತುತ್ತಲೇ ಇದೆ. ಮಗಳ ನಾಮಕರಣದ ಫೋಟೋಗಳು ಅದರಲ್ಲೇ ಇವೆ, ಬ್ಯಾಕಪ್ ಇಲ್ಲ. ಅಂಗಡಿಯವರು 'ಸಾಫ್ಟ್‌ವೇರ್ ಹೊಡೀಬೇಕು, ಡೇಟಾ ಎಲ್ಲಾ ಹೋಗುತ್ತೆ' ಅಂದಿದ್ದಾರೆ.

ಹೋಗಬೇಕಾಗಿಲ್ಲ. ಕೆಟ್ಟಿರುವುದು ಒಂದು ಪುಟ್ಟ ಫೈಲ್, ಅದೂ ಫೋಟೋಗಳಿರುವ ಜಾಗದಲ್ಲಿ ಅಲ್ಲ. ಬಿಲ್ಡ್.ಪ್ರಾಪ್ ಇರುವುದು ಸಿಸ್ಟಂ ಪಾರ್ಟಿಷನ್‌ನಲ್ಲಿ (ಪಾರ್ಟಿಷನ್ ಅಂದರೆ ಸ್ಟೋರೇಜ್‌ನ ಒಂದು ಪ್ರತ್ಯೇಕ ಭಾಗ). ನಿಮ್ಮ ಫೋಟೋ, ವಾಟ್ಸಾಪ್, ಆ್ಯಪ್‌ಗಳು, ಮೆಸೇಜ್‌ಗಳು ಇರುವುದು ಡೇಟಾ ಪಾರ್ಟಿಷನ್‌ನಲ್ಲಿ. ಫ್ಯಾಕ್ಟರಿ ರೀಸೆಟ್ ಅಳಿಸುವುದು ಡೇಟಾವನ್ನು, ಸಿಸ್ಟಂ ಅನ್ನು ಅದು ಮುಟ್ಟುವುದೇ ಇಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ: ಡೇಟಾನೂ ಹೋಗುತ್ತೆ, ರೀಸ್ಟಾರ್ಟ್ ಮಾಡಿದರೆ ಅದೇ ಆ್ಯನಿಮೇಷನ್ ಮತ್ತೆ ಸುತ್ತುತ್ತೆ. ಈ ಥರ ಕೆಟ್ಟ ಫೋನ್‌ಗಳಲ್ಲಿ ಡೇಟಾ ಹೋಗುವುದು ಕಾಯಿಲೆಯಿಂದಲ್ಲ, ಗಾಬರಿಯಲ್ಲಿ ಕೊಟ್ಟ ಮದ್ದಿನಿಂದ.

ಇನ್ನೊಂದು ವಿಷಯ. ನೀವು 400 ಅಂತ ಹಾಕಿದ್ದರಿಂದ ಫೋನ್ ನಿಂತಿದೆ ಅಂದುಕೊಂಡಿದ್ದೀರಿ. ನನಗೆ ಹಾಗನ್ನಿಸುವುದಿಲ್ಲ. 400 ಆ ಸ್ಕ್ರೀನ್‌ಗೆ ಸರಿಯಾಗಿಯೇ ಹೊಂದುವ ಸಂಖ್ಯೆ. ಅನುಮಾನ ಇರುವುದು ಆ ಟಿಕ್‌ಗಳ ಮೇಲೆ. ಆಂಡ್ರಾಯ್ಡ್ ಶುರುವಾಗುವಾಗ ಮೊದಲು ಎದ್ದು ಕೂರುವ ಪ್ರೋಗ್ರಾಂ ಹೆಸರು ಇನಿಟ್. ಬಿಲ್ಡ್.ಪ್ರಾಪ್ ಓದುವುದು ಅದೇ. ಓದುವ ಮುಂಚೆ ಅದು ಒಂದು ತಪಾಸಣೆ ಮಾಡುತ್ತೆ: ಈ ಫೈಲ್‌ನಲ್ಲಿ ಬರೆಯುವ ಹಕ್ಕು ಮಾಲೀಕನಿಗೆ ಮಾತ್ರ ಇದೆಯೋ, ಗುಂಪಿಗೂ ಬೇರೆಯವರಿಗೂ ಇದೆಯೋ? ಬೇರೆಯವರೂ ಬರೆಯಬಹುದು ಅಂತಿದ್ದರೆ ಇದು ನಂಬಿಕೆಗೆ ಅರ್ಹವಲ್ಲ ಅಂತ ಇಡೀ ಫೈಲನ್ನೇ ಬಿಟ್ಟು ಮುಂದೆ ಹೋಗುತ್ತೆ. ಆಮೇಲೆ ಆಂಡ್ರಾಯ್ಡ್‌ಗೆ ತಾನು ಯಾವ ಮಾಡೆಲ್, ಯಾವ ಆವೃತ್ತಿ, ಆ್ಯಪ್‌ಗಳಿಗೆ ಎಷ್ಟು ಮೆಮೊರಿ ಕೊಡಬೇಕು, ಏನೂ ಗೊತ್ತಿರುವುದಿಲ್ಲ. ಅಂದರೆ ತೊಂದರೆ ಆಗಿರುವುದು ಪರ್ಮಿಷನ್ ಕಮ್ಮಿಯಾಗಿ ಅಲ್ಲ, ಜಾಸ್ತಿಯಾಗಿ. ಆ ವಿಡಿಯೋ ಮಾಡಿದವರು ಸೇವ್ ಆದ ಮೇಲೆ ಟಿಕ್‌ಗಳನ್ನು ಮೊದಲಿನ ಹಾಗೆ ತೆಗೆಯಬೇಕು ಅಂತ ಒಂದು ಮಾತು ಹೇಳಿದ್ದರೆ ನಿಮಗೆ ಈ ಪಜೀತಿ ಇರುತ್ತಿರಲಿಲ್ಲ.

ಈಗ ಕೆಲಸಕ್ಕೆ ಬರೋಣ. ಪವರ್ ಬಟನ್ ಒತ್ತಿ ಹಿಡಿದು ಫೋನ್ ಪೂರ್ತಿ ಆಫ್ ಮಾಡಿ. ಆಮೇಲೆ ವಾಲ್ಯೂಮ್ ಅಪ್ ಮತ್ತು ಪವರ್ ಎರಡನ್ನೂ ಒಟ್ಟಿಗೆ ಹಿಡಿಯಿರಿ, ಟಿಡಬ್ಲ್ಯೂಆರ್‌ಪಿ ಬರುತ್ತೆ. ಬ್ಯಾಟರಿ ಕಮ್ಮಿ ಇದ್ದರೆ ಮೊದಲು ಚಾರ್ಜ್ ಮಾಡಿಕೊಳ್ಳಿ. ಪ್ಯಾಟರ್ನ್ ಅಥವಾ ಪಾಸ್‌ವರ್ಡ್ ಕೇಳಿದರೆ ನಿಮ್ಮ ಲಾಕ್‌ಸ್ಕ್ರೀನ್‌ದೇ ಕೊಡಿ. ಸಿಸ್ಟಂ ಅನ್ನು ರೀಡ್ ಓನ್ಲಿ ಇಡಲೇ ಅಂತ ಕೇಳಿದರೆ ತಿದ್ದಲು ಅನುಮತಿ ಕೊಡುವ ಪಟ್ಟಿಯನ್ನು ಸ್ವೈಪ್ ಮಾಡಿ, ಇಲ್ಲದಿದ್ದರೆ ಮುಂದೆ ಏನೂ ಬದಲಾಗುವುದಿಲ್ಲ.

ಎಲ್ಲಕ್ಕಿಂತ ಮೊದಲು ಫೋಟೋ. ಯುಎಸ್‌ಬಿ ಕೇಬಲ್‌ನಲ್ಲಿ ಕಂಪ್ಯೂಟರ್‌ಗೆ ಸಿಕ್ಕಿಸಿ. ಟಿಡಬ್ಲ್ಯೂಆರ್‌ಪಿಯಲ್ಲಿದ್ದಾಗಲೂ ಫೋನ್ ಸಾಮಾನ್ಯವಾಗಿ ಎಂದಿನಂತೆ ಕಂಪ್ಯೂಟರ್‌ನಲ್ಲಿ ಕಾಣಿಸುತ್ತೆ. ಕಾಣದಿದ್ದರೆ ಮೌಂಟ್ ಪುಟದಲ್ಲಿ ಎಂಟಿಪಿ (ಕೇಬಲ್‌ನಲ್ಲಿ ಫೈಲ್ ಕಳಿಸುವ ವ್ಯವಸ್ಥೆ) ಆನ್ ಮಾಡುವ ಬಟನ್ ಇದೆ. ಡಿಸಿಐಎಂ, ಪಿಕ್ಚರ್ಸ್, ವಾಟ್ಸಾಪ್ ಫೋಲ್ಡರ್‌ಗಳನ್ನು ಇಡಿಯಾಗಿ ಕಾಪಿ ಮಾಡಿ. ಕಾಪಿ ಆದ ಮೇಲೆ ಕಂಪ್ಯೂಟರ್‌ನಲ್ಲಿ ನಾಲ್ಕಾರು ಫೋಟೋ ತೆರೆದು ನೋಡಿ, ಬರೀ ಹೆಸರು ಬಂದಿದೆಯೋ ಫೋಟೋನೇ ಬಂದಿದೆಯೋ ಅಂತ. ಆ್ಯಪ್ ಮತ್ತು ಮೆಸೇಜ್‌ಗಳೂ ಬೇಕಿದ್ದರೆ ಒಂದು ಎಸ್‌ಡಿ ಕಾರ್ಡ್ ಹಾಕಿ ಬ್ಯಾಕಪ್ ಪುಟದಲ್ಲಿ ಡೇಟಾ ಅನ್ನುವುದಕ್ಕೆ ಟಿಕ್ ಹಾಕಿ ಬ್ಯಾಕಪ್ ತೆಗೆಯಿರಿ. ಆದರೆ ಆ ಬ್ಯಾಕಪ್‌ನಲ್ಲಿ ಇಂಟರ್ನಲ್ ಸ್ಟೋರೇಜ್ ಸೇರುವುದಿಲ್ಲ, ಅಂದರೆ ಫೋಟೋ ಅದರಲ್ಲಿ ಬರುವುದಿಲ್ಲ. ಅದಕ್ಕೇ ಎರಡೂ ಮಾಡಿ ಅನ್ನುತ್ತಿರುವುದು.

ಕೆಲವೊಮ್ಮೆ ಇಂಟರ್ನಲ್ ಸ್ಟೋರೇಜ್ 0 ಎಂಬಿ ಅಂತ ತೋರಿಸುತ್ತೆ. ಎದೆ ಧಸಕ್ಕೆನ್ನುವುದು ಸಹಜ, ಆದರೆ ಡೇಟಾ ಖಾಲಿಯಾಗಿದೆ ಅಂತ ಅದರ ಅರ್ಥವಲ್ಲ. ಡೇಟಾ ಎನ್‌ಕ್ರಿಪ್ಟ್ ಆಗಿದೆ, ಟಿಡಬ್ಲ್ಯೂಆರ್‌ಪಿಗೆ ಬೀಗ ತೆಗೆಯಲು ಆಗಿಲ್ಲ, ಅಷ್ಟೇ. ಈ ಹೊತ್ತಿನಲ್ಲಿ ಯಾರೋ 'ಫಾರ್ಮ್ಯಾಟ್ ಡೇಟಾ ಕೊಡಿ, ಸರಿಹೋಗುತ್ತೆ' ಅನ್ನುತ್ತಾರೆ. ಅದು ಯೆಸ್ ಅಂತ ಟೈಪ್ ಮಾಡಿಸಿಕೊಂಡು ಎಲ್ಲವನ್ನೂ ಅಳಿಸುವ ಬಟನ್. ಅಲ್ಲಿಗೆ ಕೈ ಹಾಕಬೇಡಿ. ಡೇಟಾ ತೆರೆಯದಿದ್ದರೂ ಬಿಲ್ಡ್.ಪ್ರಾಪ್ ಸರಿ ಮಾಡಬಹುದು, ಯಾಕೆಂದರೆ ಅದು ಬೇರೆ ಪಾರ್ಟಿಷನ್. ಫೋನ್ ಆನ್ ಆದ ಮೇಲೆ ಫೋಟೋಗಳನ್ನು ಆರಾಮಾಗಿ ತೆಗೆದುಕೊಳ್ಳಬಹುದು.

ಮುಂದಿನ ಹೆಜ್ಜೆಗೆ ಕಂಪ್ಯೂಟರ್ ಕೂಡ ಬೇಡ. ಮೌಂಟ್ ಪುಟಕ್ಕೆ ಹೋಗಿ ಸಿಸ್ಟಂ ಅನ್ನುವುದಕ್ಕೆ ಟಿಕ್ ಹಾಕಿ, ಅಲ್ಲೇ ಕೆಳಗೆ ರೀಡ್ ಓನ್ಲಿ ಟಿಕ್ ಇದ್ದರೆ ತೆಗೆಯಿರಿ. ಅಡ್ವಾನ್ಸ್ಡ್ ಒಳಗೆ ಫೈಲ್ ಮ್ಯಾನೇಜರ್ ಇದೆ. ಸಿಸ್ಟಂ ಫೋಲ್ಡರ್ ತೆರೆದು ಬಿಲ್ಡ್.ಪ್ರಾಪ್ ಮೇಲೆ ಒತ್ತಿದರೆ ಕಾಪಿ, ಡಿಲೀಟ್ ಇತ್ಯಾದಿ ಬಟನ್‌ಗಳ ಜೊತೆ ಸಿಎಚ್‌ಮಾಡ್ (ಪರ್ಮಿಷನ್ ಬದಲಾಯಿಸುವುದು) ಅಂತ ಎರಡು ಬಟನ್ ಕಾಣುತ್ತವೆ. ಒಂದರ ಮೇಲೆ 755 ಅಂತ ಬರೆದಿರುತ್ತೆ, ಅದು ಬೇಡ. ಬರೀ ಸಿಎಚ್‌ಮಾಡ್ ಒತ್ತಿ 0644 ಅಂತ ಕೊಡಿ. ಈ ಅಂಕಿಗಳ ಲೆಕ್ಕ ಸುಲಭ: ಓದುವುದಕ್ಕೆ 4, ಬರೆಯುವುದಕ್ಕೆ 2, ಓಡಿಸುವುದಕ್ಕೆ 1. ಮೊದಲ ಸೊನ್ನೆ ಬಿಟ್ಟು ಮೂರು ಅಂಕಿಗಳು ಮಾಲೀಕ, ಗುಂಪು, ಉಳಿದವರು ಅನ್ನುವ ಕ್ರಮದಲ್ಲಿ. 644 ಅಂದರೆ ಮಾಲೀಕ ಓದಿ ಬರೆಯಬಹುದು, ಮಿಕ್ಕವರು ಓದಬಹುದು ಮಾತ್ರ. ನೀವು ಟಿಕ್ ಹಾಕಿ ಮಾಡಿಕೊಂಡಿದ್ದು 666.

ಕಣ್ಣಾರೆ ನೋಡಬೇಕೆಂದರೆ ಅಡ್ವಾನ್ಸ್ಡ್‌ನಲ್ಲೇ ಟರ್ಮಿನಲ್ ಇದೆ. ಎಲ್‌ಎಸ್, ಒಂದು ಸ್ಪೇಸ್, ಅಡ್ಡಗೆರೆ ಎಲ್, ಸ್ಪೇಸ್, ಆಮೇಲೆ ಫೈಲ್‌ನ ಪೂರ್ತಿ ದಾರಿ ಕೊಡಿ (ಇಂಗ್ಲಿಷ್‌ನ ಸಣ್ಣಕ್ಷರಗಳಲ್ಲಿ). ಉತ್ತರದ ಸಾಲು ಒಂದು ಅಡ್ಡಗೆರೆಯಿಂದ ಶುರುವಾಗುತ್ತೆ, ಆಮೇಲೆ ಮೂರು ಮೂರು ಅಕ್ಷರದ ಮೂರು ಗುಂಪು. ಆರ್ ಡಬ್ಲ್ಯೂ ಅನ್ನುವುದು ಮೂರು ಗುಂಪಿನಲ್ಲೂ ಬಂದರೆ ಕಳ್ಳ ಸಿಕ್ಕಿದ ಅಂತ ಲೆಕ್ಕ. 644 ಮಾಡಿದ ಮೇಲೆ ಡಬ್ಲ್ಯೂ ಮೊದಲ ಗುಂಪಿನಲ್ಲಿ ಮಾತ್ರ ಉಳಿಯಬೇಕು. ಅದೇ ಸಾಲಿನಲ್ಲಿ ಮಾಲೀಕನ ಹೆಸರು ಎರಡು ಸಲ ರೂಟ್ ಅಂತ ಇರಬೇಕು, ಪಕ್ಕದಲ್ಲಿ ಫೈಲ್ ಸೈಜ್ ಕೂಡ ಇರುತ್ತೆ. ಸೈಜ್ ಕೆಲವು ಸಾವಿರ ಬೈಟ್ ಇದ್ದರೆ ರೀಬೂಟ್ ಕೊಟ್ಟು ಸ್ವಲ್ಪ ಕಾಯಿರಿ. ನನ್ನ ಅಂದಾಜು, ನಿಮ್ಮ ಕೆಲಸ ಇಲ್ಲಿಗೇ ಮುಗಿಯುತ್ತೆ.

ಸೈಜ್ ಸೊನ್ನೆ ಅಂತ ತೋರಿಸಿದರೆ ಕತೆ ಬೇರೆ. ದೊಡ್ಡ ಗೂಗಲ್ ಆ್ಯಪ್ಸ್ ಪ್ಯಾಕೇಜ್ ಹಾಕಿ ಸಿಸ್ಟಂ ಪಾರ್ಟಿಷನ್ ತುಂಬಿಹೋಗಿದ್ದರೆ, ಎಡಿಟರ್ ಹಳೆಯದನ್ನು ಖಾಲಿ ಮಾಡಿ ಹೊಸದನ್ನು ಬರೆಯಲು ಹೋದಾಗ ಜಾಗ ಸಾಲದೆ ಖಾಲಿ ಫೈಲ್ ಉಳಿಯುತ್ತೆ. ಆಗ ಅದೇ ಫೋಲ್ಡರ್‌ನಲ್ಲಿ ಬಿಲ್ಡ್.ಪ್ರಾಪ್.ಬ್ಯಾಕ್ ಅಂತ ಒಂದು ಫೈಲ್ ಇದೆಯಾ ನೋಡಿ. ಹಲವು ರೂಟ್ ಎಡಿಟರ್‌ಗಳು ತಿದ್ದುವ ಮುಂಚೆ ಹಳೆಯದರ ನಕಲನ್ನು ಹೀಗೆ ಇಟ್ಟಿರುತ್ತವೆ. ಇದ್ದರೆ ಕೆಟ್ಟದ್ದನ್ನು ಡಿಲೀಟ್ ಮಾಡಿ, ನಕಲಿನ ಕೊನೆಯ ಬಾಲ ತೆಗೆದು ರೀನೇಮ್ ಮಾಡಿ, ಮತ್ತೆ 0644. ನಕಲೂ ಇಲ್ಲದಿದ್ದರೆ ನೀವು ಲಿನಿಯೇಜ್ ಹಾಕಿದ ಜಿಪ್ ಫೈಲನ್ನು ಕಂಪ್ಯೂಟರ್‌ನಲ್ಲಿ ತೆರೆದು ನೋಡಿ, ಅದರ ಸಿಸ್ಟಂ ಫೋಲ್ಡರ್‌ನಲ್ಲಿ ಬಿಲ್ಡ್.ಪ್ರಾಪ್ ಬಿಡಿಯಾಗಿ ಸಿಕ್ಕರೆ ಅದನ್ನೇ ಎಡಿಬಿ ಪುಶ್ (ಕಂಪ್ಯೂಟರ್‌ನಿಂದ ಕೇಬಲ್ ಮೂಲಕ ಫೋನ್‌ಗೆ ಫೈಲ್ ಕಳಿಸುವ ಕಮಾಂಡ್) ಮಾಡಬಹುದು. ಹೀಗೆ ಹೊರಗಿನಿಂದ ತಂದು ಹಾಕಿದರೆ ಎಸ್‌ಇಲಿನಕ್ಸ್ (ಆಂಡ್ರಾಯ್ಡ್‌ನ ಭದ್ರತಾ ವ್ಯವಸ್ಥೆ) ಲೇಬಲ್ ಕೂಡ ನೋಡಬೇಕು. ಎಲ್‌ಎಸ್ ಜೊತೆ ದೊಡ್ಡಕ್ಷರದ ಝಡ್ ಕೊಟ್ಟರೆ ಪ್ರತಿ ಫೈಲ್‌ನ ಲೇಬಲ್ ಕಾಣುತ್ತೆ. ಅದರಲ್ಲಿ ಸಿಸ್ಟಂ ಫೈಲ್ ಅಂತ ಇರಬೇಕು, ಇಲ್ಲದಿದ್ದರೆ ಸಿಎಚ್‌ಕಾನ್ ಕಮಾಂಡ್‌ನಲ್ಲಿ ಸರಿ ಮಾಡಬೇಕು.

ಫೈಲನ್ನು ಕಂಪ್ಯೂಟರ್‌ಗೆ ತಂದು ತಿದ್ದುವುದಾದರೆ ವಿಂಡೋಸ್‌ನ ನೋಟ್‌ಪ್ಯಾಡ್ ಬಳಸಬೇಡಿ. 2018ರ ವಿಂಡೋಸ್ 10 ಅಪ್‌ಡೇಟ್‌ಗಿಂತ ಹಿಂದಿನ ನೋಟ್‌ಪ್ಯಾಡ್‌ಗೆ ಲಿನಕ್ಸ್ ರೀತಿಯ ಸಾಲು ಮುರಿಯುವುದೇ ತಿಳಿಯುತ್ತಿರಲಿಲ್ಲ, ಇಡೀ ಫೈಲ್ ಒಂದೇ ಉದ್ದ ಸಾಲಾಗಿ ಕಾಣುತ್ತಿತ್ತು. ಅದನ್ನು ಎಂಟರ್ ಒತ್ತಿ ಒತ್ತಿ ಜೋಡಿಸಿ ಸೇವ್ ಮಾಡಿದರೆ ಪ್ರತಿ ಸಾಲಿನ ಕೊನೆಗೂ ಕಣ್ಣಿಗೆ ಕಾಣದ ಒಂದು ಅಕ್ಷರ ಹೆಚ್ಚಿಗೆ ಅಂಟಿಕೊಳ್ಳುತ್ತೆ. ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಒಳ್ಳೆಯದು, ಬಿಟ್ಟಿಯಾಗಿ ಸಿಗುತ್ತೆ.

ಇಷ್ಟೆಲ್ಲ ತಲೆನೋವು ಬೇಡ ಅನ್ನಿಸಿದರೆ ಡರ್ಟಿ ಫ್ಲ್ಯಾಶ್ ಮಾಡಿ. ಹೆಸರು ಕೇಳಿ ಹೆದರಬೇಡಿ: ಏನನ್ನೂ ವೈಪ್ ಮಾಡದೆ, ಈಗಿರುವ ಅದೇ ಲಿನಿಯೇಜ್ 14.1ರ ಜಿಪ್ ಅನ್ನು ಇನ್‌ಸ್ಟಾಲ್ ಪುಟದಿಂದ ಮತ್ತೆ ಹಾಕುವುದು, ಅಷ್ಟೇ. ಸಿಸ್ಟಂ ಪೂರ್ತಿ ಹೊಸದಾಗಿ ಬರೆಯಲ್ಪಡುತ್ತೆ, ಡೇಟಾ ಇದ್ದ ಹಾಗೇ ಇರುತ್ತೆ. ಗೂಗಲ್ ಆ್ಯಪ್‌ಗಳನ್ನು ಲಿನಿಯೇಜ್ ತಾನೇ ಎತ್ತಿಟ್ಟು ವಾಪಸ್ ಹಾಕುತ್ತೆ. ರೂಟ್ ಹೋಗಿದ್ದರೆ ಮ್ಯಾಜಿಸ್ಕ್ ಜಿಪ್ ಇನ್ನೊಮ್ಮೆ ಹಾಕಿ. ಬೇರೆ ರಾಮ್ (ಲಿನಿಯೇಜ್ ಥರದ ಇನ್ನೊಂದು ಓಎಸ್), ಬೇರೆ ಆಂಡ್ರಾಯ್ಡ್ ಆವೃತ್ತಿ ಹಾಕಲು ಇದು ಸಮಯವಲ್ಲ, ಹಳೇ ಡೇಟಾದ ಮೇಲೆ ಅವು ಕೂರುವುದಿಲ್ಲ.

ಟಿಡಬ್ಲ್ಯೂಆರ್‌ಪಿಯೇ ಬರಲಿಲ್ಲ ಅಂದರೆ ವಾಲ್ಯೂಮ್ ಡೌನ್ ಮತ್ತು ಪವರ್ ಹಿಡಿದು ಫಾಸ್ಟ್‌ಬೂಟ್‌ಗೆ (ಕಂಪ್ಯೂಟರ್‌ನಿಂದ ಕಮಾಂಡ್ ತೆಗೆದುಕೊಳ್ಳುವ ಮೋಡ್) ಹೋಗಿ. ಗೂಗಲ್‌ನ ಪ್ಲಾಟ್‌ಫಾರ್ಮ್ ಟೂಲ್ಸ್ ಕಂಪ್ಯೂಟರ್‌ನಲ್ಲಿದ್ದರೆ ಫಾಸ್ಟ್‌ಬೂಟ್ ಬೂಟ್ ಕಮಾಂಡ್ ಕೊಟ್ಟು ಟಿಡಬ್ಲ್ಯೂಆರ್‌ಪಿ ಇಮೇಜ್ ಅನ್ನು ಆ ಒಂದು ಸಲಕ್ಕೆ ಓಡಿಸಬಹುದು. ನಿಮ್ಮ ಮಾಡೆಲ್‌ನ ಒಳಹೆಸರು ಮಿಡೋ, ಆ ಹೆಸರಿನ ಇಮೇಜೇ ಆಗಿರಬೇಕು. ರೆಡ್ಮಿ ನೋಟ್ 4ರಲ್ಲಿ ಮೀಡಿಯಾಟೆಕ್ ಚಿಪ್‌ನ ಇನ್ನೊಂದು ಮಾದರಿಯೂ ಇದೆ, ಅದರದ್ದು ಇದಕ್ಕೆ ಆಗಿಬರುವುದಿಲ್ಲ. ಭಾರತದಲ್ಲಿ ಮಾರಾಟವಾದದ್ದು ಸ್ನ್ಯಾಪ್‌ಡ್ರಾಗನ್ 625ರದ್ದು, ಅದೇ ಮಿಡೋ.

ಅಂಗಡಿಯವರ ಬಗ್ಗೆ ಒಂದು ಮಾತು. ಅವರನ್ನು ದೂರುತ್ತಿಲ್ಲ, ಗಿರಾಕಿಗಳು ಸಾಲುಗಟ್ಟಿ ನಿಂತಿರುವಾಗ ಯಾರೂ ಒಂದು ಫೈಲ್‌ನ ಪರ್ಮಿಷನ್ ನೋಡುತ್ತಾ ಕೂರುವುದಿಲ್ಲ. ಅವರು ಮಿ ಫ್ಲ್ಯಾಶ್ ಅನ್ನುವ ಟೂಲ್‌ನಲ್ಲಿ ಕಂಪನಿ ಸಾಫ್ಟ್‌ವೇರ್ ಹೊಡೆಯುತ್ತಾರೆ. ಅದರ ಕೆಳಗಿನ ಮೂಲೆಯಲ್ಲಿ, ತಾನಾಗೇ ಆಯ್ಕೆಯಾಗಿರುವುದು ಎಲ್ಲವನ್ನೂ ಅಳಿಸಿ ಬೂಟ್‌ಲೋಡರ್‌ಗೆ (ಲಿನಿಯೇಜ್ ಥರದ್ದನ್ನು ಹಾಕಲು ಬಿಡುವ ಪ್ರೋಗ್ರಾಂಗೆ) ಬೀಗ ಹಾಕುವ ಆಯ್ಕೆ. ಹಾಗೆ ಬಿಟ್ಟರೆ ಫೋಟೋ ಜೊತೆಗೆ ಅನ್‌ಲಾಕ್ ಕೂಡ ಹೋಗುತ್ತೆ. ಮನೆಯಲ್ಲಿ ಕಂಪ್ಯೂಟರ್ ಇಲ್ಲ, ಅಂಗಡಿಗೇ ಕೊಡಬೇಕು ಅಂತಿದ್ದರೆ, 'ಟಿಡಬ್ಲ್ಯೂಆರ್‌ಪಿಯಿಂದ ಫೋಟೋ ಕಾಪಿ ಮಾಡಿಕೊಡಿ, ಫ್ಲ್ಯಾಶ್ ಮಾಡಬೇಡಿ' ಅಂತ ಬಾಯಿ ಬಿಟ್ಟು ಹೇಳಿ, ಎದುರಿಗೇ ಕೂತು ಮಾಡಿಸಿಕೊಳ್ಳಿ.

ಡೆನ್ಸಿಟಿ ಬದಲಾಯಿಸಲು ಬಿಲ್ಡ್.ಪ್ರಾಪ್ ಮುಟ್ಟುವ ಅಗತ್ಯವೇ ಇರಲಿಲ್ಲ. ನಿಮ್ಮ ಲಿನಿಯೇಜ್ ಆಂಡ್ರಾಯ್ಡ್ 7.1ರದ್ದು, ಸೆಟ್ಟಿಂಗ್ಸ್‌ನ ಡಿಸ್‌ಪ್ಲೇ ಒಳಗೆ ಡಿಸ್‌ಪ್ಲೇ ಸೈಜ್ ಅಂತಲೇ ಇದೆ. ಅದರಲ್ಲಿರುವ ಅಳತೆಗಳು ಸಾಲದು, 400ಏ ಬೇಕು ಅಂದರೆ ಎಡಿಬಿ ಶೆಲ್‌ನಲ್ಲಿ ಡಬ್ಲ್ಯೂಎಂ ಡೆನ್ಸಿಟಿ 400 ಅಂತ ಕೊಡಿ. ಕಣ್ಣಿಗೆ ಹಿಡಿಸದಿದ್ದರೆ 400ರ ಜಾಗದಲ್ಲಿ ರೀಸೆಟ್ ಅಂತ ಕೊಟ್ಟರೆ ಮೊದಲಿನ ಅಳತೆಗೇ ಬರುತ್ತೆ.