ನ್ಯೂಜಿಲೆಂಡ್‌ನ ಅಪಾಯದಂಚಿನ ತೀರಪಕ್ಷಿಗಳು ಎಲ್ಲಿ ಗೂಡು ಮಾಡುತ್ತವೆ, ಎಲ್ಲಿಗೆ ವಲಸೆ ಹೋಗುತ್ತವೆ?

ಎಲ್ಲ ಜಾತಿಗೂ ಒಂದೇ ಉತ್ತರವಿಲ್ಲ. ಹಾಗಾಗಿ ನನಗೆ ತುಂಬಾ ಪ್ರಿಯವಾದ ರೈಬಿಲ್ ಹಕ್ಕಿಯಿಂದಲೇ ಆರಂಭಿಸುತ್ತೇನೆ. ಜಗತ್ತಿನಲ್ಲಿ ಕೊಕ್ಕು ಪಕ್ಕಕ್ಕೆ, ಅದೂ ಯಾವಾಗಲೂ ಬಲಕ್ಕೆ, ಬಾಗಿರುವ ಹಕ್ಕಿ ಇದೊಂದೇ. ದುಂಡುಕಲ್ಲುಗಳ ಅಡಿಯಲ್ಲಿ ಅಂಟಿಕೊಂಡ ಕೀಟಗಳ ಮರಿಗಳನ್ನು ಹೆಕ್ಕಲು ಆ ಬಾಗು ನೆರವಾಗುತ್ತದೆ.

ಇದರ ಸಂತಾನವೆಲ್ಲ ದಕ್ಷಿಣ ದ್ವೀಪದಲ್ಲಿ. ರಕಾಯಾ, ರಂಗಿಟಾಟಾದಂತಹ, ಜಡೆಯಂತೆ ಕವಲೊಡೆದು ಹರಿಯುವ ನದಿಗಳ ಪಾತ್ರದಲ್ಲಿ. ಗೂಡು ಎಂದರೆ ಜಲ್ಲಿಕಲ್ಲುಗಳ ನಡುವೆ ಕೆದರಿದ ಸಣ್ಣ ಗುಳಿ, ಅದರಲ್ಲಿ ಕಲ್ಲಿನದೇ ಬಣ್ಣದ ಎರಡು ಮೊಟ್ಟೆ. ಮೇಲಿನಿಂದ ನೋಡುವ ಶತ್ರುವಿಗೆ ಅವು ಕಾಣಿಸುವುದಿಲ್ಲ. ಆದರೆ ಮನುಷ್ಯರು ತಂದುಬಿಟ್ಟ ಸ್ಟೋಟ್ (ಮುಂಗುಸಿಯಂತಹ ಪ್ರಾಣಿ), ಬೆಕ್ಕು, ಮೈತುಂಬ ಮುಳ್ಳಿರುವ ಪುಟ್ಟ ಹೆಡ್ಜ್‌ಹಾಗ್‌ಗಳು ವಾಸನೆ ಹಿಡಿದು ಬರುತ್ತವೆ. ಅವುಗಳ ಮುಂದೆ ಈ ಮರೆ ನಡೆಯದು. ಪ್ರವಾಹ ಮೊಟ್ಟೆಗಳನ್ನು ಕೊಚ್ಚಿಕೊಂಡು ಹೋಗುತ್ತದೆ, ನಿಜ. ಆದರೆ ಲುಪಿನ್‌ನಂತಹ ಕಳೆಯನ್ನು ಕಿತ್ತು ಜಲ್ಲಿಯನ್ನು ಬಯಲಾಗಿ ಇಡುವುದೂ ಅದೇ ಪ್ರವಾಹ. ಅಣೆಕಟ್ಟು ಕಟ್ಟಿ ನೆರೆಯನ್ನು ತಡೆದಾಗ ಕಳೆ ಹಬ್ಬಿ, ಹಕ್ಕಿಗೆ ನೆಲೆಯೇ ಇಲ್ಲದಾಗುತ್ತದೆ.

ಮರಿಗಳು ಹಾರಲು ಕಲಿತ ಮೇಲೆ, ಬೇಸಿಗೆಯಲ್ಲಿ (ಅಲ್ಲಿ ಅದು ಡಿಸೆಂಬರ್‌ನಿಂದ ಫೆಬ್ರವರಿ), ರೈಬಿಲ್‌ಗಳು ಉತ್ತರ ದ್ವೀಪದ ಕೆಸರು ಬಯಲುಗಳಿಗೆ, ಮುಖ್ಯವಾಗಿ ಥೇಮ್ಸ್ ಕೊಲ್ಲಿ ಮತ್ತು ಮನುಕಾವ್ ಬಂದರಿಗೆ ಹಾರುತ್ತವೆ. ಆಗಸ್ಟ್ ಹೊತ್ತಿಗೆ ಮರಳುತ್ತವೆ. ಇಡೀ ವಲಸೆ ದೇಶದೊಳಗೇ ಮುಗಿಯುತ್ತದೆ. ಉಳಿದಿರುವ ಹಕ್ಕಿಗಳು ಸುಮಾರು 5,000.

ಇನ್ನೊಂದು ತೀರಪಕ್ಷಿಯಾದ ಬ್ಯಾಂಡೆಡ್ ಡಾಟರೆಲ್‌ಗಳಲ್ಲಿ ಹಲವು ಸಮುದ್ರ ದಾಟಿ ಆಸ್ಟ್ರೇಲಿಯಾಕ್ಕೆ ಹೋಗುತ್ತವೆ. ತೀರಾ ವಿರಳವಾದ ಶೋರ್ ಪ್ಲವರ್ ಹಕ್ಕಿ ಮಾತ್ರ ಬಯಲಲ್ಲಿ ಮೊಟ್ಟೆಯಿಡದೆ ಗಿಡಗಂಟಿಯ ಮರೆಯಲ್ಲಿ ಗೂಡು ಮಾಡುತ್ತದೆ. ನ್ಯೂಜಿಲೆಂಡ್‌ನ ಚಾಥಮ್ ದ್ವೀಪಸಮೂಹದಲ್ಲಿ, ಹಕ್ಕಿಗಳನ್ನು ಬೇಟೆಯಾಡುವ ಪ್ರಾಣಿಗಳಿಲ್ಲದ ರಂಗಟಿರಾ ದ್ವೀಪದಲ್ಲಿ ಅದು ಬದುಕುಳಿಯಿತು.